ಬೊಂಬೆಗಳ ಮುಂದೆ ತಾತನ ಪ್ಲೇಟು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗಿನ ಮಾತು. ಆಗ ನಂಜನಗೂಡಿನ ನಮ್ಮ ಬೀದಿಯಲ್ಲಿ ಹಾಡು ಕೇಳಬೇಕೆಂದರೆ ರೇಡಿಯೋ ಇತ್ತು, ಸ್ವಲ್ಪ ಅನುಕೂಲಸ್ಥರ ಮನೆಗೆ ಟೇಪ್ ರೆಕಾರ್ಡರ್ ಬಂದಿತ್ತು. ಗ್ರಾಮಫೋನ್ ಪ್ಲೇಟಿನ ಕಾಲ ಮುಗಿದುಹೋಗಿತ್ತು. ಯಾರ ಮನೆಯ ಅಟ್ಟ ಹತ್ತಿದರೂ ನಾಲ್ಕಾರು ಪ್ಲೇಟು ಧೂಳು ಹಿಡಿದು ಬಿದ್ದಿರುತ್ತಿದ್ದವು. ಹುಡುಗರು ಅವನ್ನು ಸ್ಟೇರಿಂಗ್ ಮಾಡಿಕೊಂಡು ಹುಲ್ಲಹಳ್ಳಿ ಬಸ್ಸು ಓಡಿಸುತ್ತಿದ್ದರು. ಈಗ ಅದೇ ಪ್ಲೇಟುಗಳನ್ನು ಹೊಸದಾಗಿ ಒತ್ತಿಸಿ, ಗಾಜಿನ ಬೀರುವಿನಲ್ಲಿಟ್ಟು, ಮೆತ್ತನೆ ಬಟ್ಟೆಯಲ್ಲಿ ಒರೆಸಿ ಮುದ್ದು ಮಾಡುವವರಿದ್ದಾರೆ. ಅವರ ಮುಂದೆ ನಾನು ಮಾಡಿದ ಘನಂದಾರಿ ಕೆಲಸ ಹೇಳಿದರೆ ಮಿಕಮಿಕ ನೋಡುತ್ತಾರೆ.

ನಮ್ಮ ತಾತ ಮಾದೇಗೌಡರು ತಿರುಮಕೂಡಲು ನರಸೀಪುರದ ಕಡೆಯವರು, ಮುಡುಕುತೊರೆ ಹತ್ತಿರದ ಊರು. ಒಕ್ಕಲು ಮನೆತನ. ಅಣ್ಣತಮ್ಮಂದಿರೆಲ್ಲ ನೇಗಿಲು ಹಿಡಿದರೆ ಇವರು ಹದಿನಾರಕ್ಕೇ ಮೈಸೂರಿಗೆ ಹೋಗಿ ಬ್ಯಾಂಡಿಗೆ ಸೇರಿದರು. ಅಲ್ಲಿಂದ ಬೆಂಗಳೂರು ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಹೋದರು. ದಂಡಿನ ಕ್ಲಬ್ಬುಗಳಲ್ಲಿ ಸಂಜೆಯ ಹೊತ್ತು ಸ್ಯಾಕ್ಸೋಫೋನ್ ಊದುವ ಕೆಲಸ. ಬ್ಯಾಂಡಿನ ಯಜಮಾನ ಒಬ್ಬ ಕ್ರಿಶ್ಚಿಯನ್ ಸಾಹೇಬ. ಅವನ ಬಾಯಲ್ಲಿ ಮಾದೇಗೌಡ ಹೊರಳಲಿಲ್ಲ, 'ಮ್ಯಾಡಿ' ಅಂದುಬಿಟ್ಟ. ಆಮೇಲೆ ಒಸಡಿನ ಕಾಯಿಲೆ ಬಂದು ಹಲ್ಲೆಲ್ಲ ಉದುರಿದವು. ಹಲ್ಲಿಲ್ಲದೆ ಆ ವಾದ್ಯ ಹಿಡಿತಕ್ಕೆ ಬರುವುದಿಲ್ಲವಂತೆ. ವಾದ್ಯವನ್ನು ಬ್ಯಾಂಡಿನವರಿಗೇ ಬಿಟ್ಟು, ನಂಜನಗೂಡಿನಲ್ಲಿ ಕೆಲಸದಲ್ಲಿದ್ದ ಮಗನ ಮನೆಗೆ, ಅಂದರೆ ನಮ್ಮಪ್ಪನ ಮನೆಗೆ, ಬಂದು ಸೇರಿದರು. ಹಲ್ಲುಪುಡಿಗೆ ಹೆಸರಾದ ಊರಿಗೆ ಹಲ್ಲಿಲ್ಲದೆ ಬಂದೆ ಅಂತ ಅವರೇ ನಗುತ್ತಿದ್ದರು.

ನಾನು ಹುಟ್ಟುವ ಹೊತ್ತಿಗೆ ಇದೆಲ್ಲ ಮುಗಿದ ಕಥೆ. ತಾತ ಊದಿದ್ದನ್ನು ನಾನು ಕೇಳಿಲ್ಲ, ಅಮ್ಮನೂ ಕೇಳಿಲ್ಲ. ಉಳಿದಿದ್ದು ಒಂದೇ ಒಂದು ಚಿಕ್ಕ ಪ್ಲೇಟು, ಊಟದ ತಟ್ಟೆಗಿಂತ ಸಣ್ಣದು, ನಡುವೆ ನೀಲಿ ಚೀಟಿ ಅಂಟಿಸಿದ್ದು. ಬ್ಯಾಂಡಿನವರೆಲ್ಲ ಸೇರಿ ಒಮ್ಮೆ ರೆಕಾರ್ಡ್ ಮಾಡಿಸಿದ್ದಂತೆ. ಚೀಟಿಯ ಮೇಲೆ ಇಂಗ್ಲಿಷಿನಲ್ಲಿ ಬ್ಯಾಂಡಿನ ಹೆಸರಿತ್ತೇ ಹೊರತು ತಾತನ ಹೆಸರಿರಲಿಲ್ಲ. ಅದನ್ನೂ ಇನ್ನೊಂದಿಷ್ಟು ಪ್ಲೇಟುಗಳನ್ನೂ ಹಳೆ ಪಂಚೆಯಲ್ಲಿ ಸುತ್ತಿ ಮಂಚದ ಕೆಳಗಿನ ಟ್ರಂಕಿನಲ್ಲಿ ಇಟ್ಟಿದ್ದರು. ಪ್ಲೇಟು ಹಾಕುವ ಪೆಟ್ಟಿಗೆಯೂ ಇತ್ತು, ಆದರೆ ಅದರ ಮುಳ್ಳು ಮುರಿದು ಎಷ್ಟೋ ವರ್ಷವಾಗಿತ್ತು. ಮೈಸೂರಿಗೆ ಹೋಗುವವರನ್ನು ಕಂಡರೆ ತಾತ ಮುಳ್ಳು ತರಲು ಹೇಳುತ್ತಿದ್ದರು. ಅವರು ಬರಿಗೈಯಲ್ಲಿ ಬಂದು "ಈಗ ಅದೆಲ್ಲ ಎಲ್ಲಿ ಸಿಗ್ತದೆ ಗೌಡ್ರೆ" ಅನ್ನುತ್ತಿದ್ದರು.

ಮಧ್ಯಾಹ್ನ ಊಟ ಆದ ಮೇಲೆ ಜಗುಲಿಯ ಮೇಲೆ ಅಳಿಗುಳಿ ಮಣೆ ಹಾಕಿಕೊಂಡು ಕೂರುತ್ತಿದ್ದೆವು, ನಾನೂ ತಾತನೂ. ಹುಣಸೆಬೀಜ ಹಂಚುತ್ತಾ ಆ ಸಂಗೀತದ ಮಾತು ತೆಗೆಯುತ್ತಿದ್ದರು.

"ಜಾಝ್ ಅಂತ ಅದ್ರ ಎಸ್ರು ಕಣವ್ವ. ಎಲ್ರೂ ಒಟ್ಗೆ ಶುರು ಮಾಡ್ತಾರೆ. ಮಧ್ಯಕ್ಕೆ ಬಂದಾಗ ಮಿಕ್ಕೋರು ತಗ್ಗಿ ಒಬ್ಬನ್ಗೆ ದಾರಿ ಬುಡ್ತಾರೆ. ಆಗ ಅವ್ನು ಬಾಯಿಗೆ ಬಂದಂಗೆ ಊದ್ಬೋದು. ಯಾರೂ ಕೇಳಂಗಿಲ್ಲ."

"ನಾನು ಬಾಯಿಗೆ ಬಂದಂಗೆ ಮಾತಾಡಿದ್ರೆ ಅಮ್ಮ ಹೊಡೀತಾರೆ."

"ನಿಮ್ಮಮ್ಮ ಜಾಝ್ ಕೇಳಿಲ್ಲ ಬುಡು," ಅಂದು ಬೊಚ್ಚುಬಾಯಲ್ಲಿ ನಕ್ಕರು. ಆಮೇಲೆ, "ಆ ಪ್ಲೇಟ್‌ನಾಗೆ ಮಧ್ಯದಲ್ಲಿ ಒಂದ್ಕಡೆ ನಂದೊಬ್ಬಂದೇ ಬತ್ತದೆ. ಮುಳ್ಳು ಸಿಗ್ಲಿ, ನಿನ್ನ ಪಕ್ದಲ್ಲೇ ಕೂರಿಸ್ಕೊಂಡು ಕೇಳುಸ್ತೀನಿ. ನಿಮ್ಮಪ್ಪ ತನಗೂ ಕೇಳ್ಸಿಲ್ಲ ಅಂತ ಹೊಟ್ಟೆ ಉರ್ಕೊಳ್ಳಿ," ಅಂದರು.

ಆ ವರ್ಷ ದಸರಾ ರಜೆಗೆ ಮುಂಚೆ ಸ್ಕೂಲಿನಲ್ಲಿ ಕ್ರಾಫ್ಟ್ ಮೇಡಂ ಒಂದು ಹೊಸ ವಿದ್ಯೆ ಕಲಿಸಿದರು. ಹಳೆ ಪ್ಲೇಟನ್ನು ಕುದಿಯುವ ನೀರಿಗೆ ಹಾಕಬೇಕು. ಹಸಿ ಹಪ್ಪಳದ ಹಾಗೆ ಮೆತ್ತಗಾದ ಕೂಡಲೇ ತೆಗೆದು, ಬೋರಲು ಹಾಕಿದ ಡಬ್ಬದ ಮೇಲಿಟ್ಟು, ಒದ್ದೆ ಬಟ್ಟೆ ಹಿಡಿದು ಅಂಚನ್ನು ನೆರಿಗೆ ನೆರಿಗೆಯಾಗಿ ಹಿಂಡಬೇಕು. ಆರಿದರೆ ತಾವರೆ ಆಕಾರದ ಬಟ್ಟಲು. ನಡುವಿನ ತೂತಿಗೆ ಮೇಣ ಹಾಕಿದರಾಯಿತು. ಊರಿನ ಹೆಣ್ಣುಮಕ್ಕಳೆಲ್ಲ ಅದಕ್ಕೆ ಬಿದ್ದರು. ಬ್ರಾಹ್ಮಣರ ಬೀದಿಯಲ್ಲಾಗಲಿ ನಮ್ಮ ಬೀದಿಯಲ್ಲಾಗಲಿ, ಆ ಸಲ ಬೊಂಬೆ ಕೂರಿಸಿದ ಮನೆಯಲ್ಲೆಲ್ಲ ಬೊಂಬೆ ಬಾಗಿನದ ತಿಂಡಿ ಪ್ಲೇಟಿನ ಬಟ್ಟಲಿನಲ್ಲೇ.

ನಮ್ಮದು ಬೊಂಬೆ ಕೂರಿಸುವ ಮನೆತನವಲ್ಲ. ಪೇಟೆಗೆ ಬಂದ ಮೇಲೆ ಅಮ್ಮ ಪಕ್ಕದ ಮನೆಯವರನ್ನು ನೋಡಿ ಶುರು ಮಾಡಿದ್ದು. ಪಟ್ಟದ ಬೊಂಬೆ ಒಂದು ಜೊತೆ, ಒಂದು ಶೆಟ್ಟಿ ಬೊಂಬೆ, ಮಣ್ಣಿನ ಹಸು ಎರಡು, ಅಷ್ಟೇ ನಮ್ಮ ಆಸ್ತಿ. ಮೆಟ್ಟಿಲು ಐದು, ಬೊಂಬೆ ಐದು. ಬಂದ ಹುಡುಗಿಯರು ಮೂಗು ಮುರಿದು, ಉಸಲಿ ತಿಂದು ಹೋಗುತ್ತಿದ್ದರು. ಈ ಸಲ ಯಾರೂ ಮೂಗು ಮುರಿಯಬಾರದು ಅಂತ ನನಗೆ ಹಟ.

ಪಕ್ಷದ ಹಬ್ಬಕ್ಕೆ ಹಿರಿಯರಿಗೆ ಎಡೆಯಿಡಲು ತಾತ ಊರಿಗೆ ಹೋಗಿದ್ದರು. ಅಣ್ಣನ ಮನೆಯಲ್ಲಿ ನಾಲ್ಕು ದಿನ ಇದ್ದು ಬರುತ್ತೇನೆಂದಿದ್ದರು. ಅಮಾವಾಸ್ಯೆಯ ಮಧ್ಯಾಹ್ನ ನಾನು ಟ್ರಂಕು ಎಳೆದೆ.

ಬೇಕೆಂದಿದ್ದರೆ ಬೇರೆ ಪ್ಲೇಟು ತೆಗೆಯಬಹುದಿತ್ತು. ಎರಡು ತೆಗೆದೆ ಕೂಡ. ಆದರೆ ನೀಲಿ ಚೀಟಿಯದು ತಾತನದು ಅಂತ ಗೊತ್ತಿದ್ದೇ, ಗೊತ್ತಿದ್ದರಿಂದಲೇ ಅದನ್ನೂ ತೆಗೆದೆ. ಯಾರ ಮನೆಯಲ್ಲಿ ಅವರವರ ತಾತನ ಪ್ಲೇಟಿದೆ? ಅದು ಟ್ರಂಕಿನೊಳಗೆ ಕತ್ತಲಲ್ಲಿ ಬಿದ್ದಿರುವ ಬದಲು ಪಟ್ಟದ ಬೊಂಬೆಯ ಮುಂದೆ ಕೂರಬೇಕು, ಊರೆಲ್ಲ ನೋಡಬೇಕು. ದೇವರಾಣೆ, ನನ್ನ ಮನಸ್ಸಿನಲ್ಲಿ ಇದ್ದದ್ದು ಇಷ್ಟೇ. ಅದರೊಳಗೆ ಸದ್ದು ಇದೆ ಅಂತ ತಾತ ಎಷ್ಟು ಸಲ ಹೇಳಿದ್ದರೂ, ಕೇಳದ ಸದ್ದು ನನಗೆ ಇಲ್ಲದ್ದರ ಸಮವೇ ಆಗಿತ್ತು.

ಅಮ್ಮ ಒಂದು ಸಲ ಕೇಳಿದರು. "ತಾತ ಏನಾದ್ರೂ ಅಂದ್ಕೊಂಡಾರೇನೇ?"

"ತಾತಂಗೆ ಖುಷಿಯಾಗುತ್ತೆ ಕಣಮ್ಮ."

"ಹೇಗೂ ಆ ಪೆಟ್ಟಿಗೆ ಕೆಟ್ಟಿದೆ," ಅಂದು ಅಮ್ಮ ಬಚ್ಚಲ ಒಲೆಯ ಮೇಲೆ ಅಗಲದ ದಬರಿಯಿಟ್ಟರು.

ಸೌದೆಯ ಹೊಗೆ, ಕಾದ ಪ್ಲೇಟಿನ ಸುಟ್ಟ ವಾಸನೆ, ಒಳಗಿನಿಂದ ಅಮ್ಮ ಹುರಿಯುತ್ತಿದ್ದ ರವೆಯ ಘಮ, ಮೂರೂ ಇವತ್ತಿಗೂ ನನ್ನ ಮೂಗಿನಲ್ಲಿ ಒಟ್ಟಿಗೇ ಇವೆ. ನೀಲಿ ಚೀಟಿಯ ಪ್ಲೇಟು ಎಷ್ಟು ಸುಲಭವಾಗಿ ಮೆತ್ತಗಾಯಿತು! ಎಂಟು ನೆರಿಗೆ ಹಿಂಡಿದೆ. ಆರಿದ ಮೇಲೆ ಗೆರೆಗೆರೆಯಾಗಿದ್ದ ಮೈಮೇಲೆಲ್ಲ ಬಂಗಾರದ ಬಣ್ಣ ಬಳಿದೆ. ಚೀಟಿಯನ್ನು ಮಾತ್ರ ಮುಟ್ಟಲಿಲ್ಲ, ಅದು ಬಟ್ಟಲಿನ ತಳದಲ್ಲಿ ಚೆನ್ನಾಗಿ ಕಾಣುತ್ತಿತ್ತು.

ತಾತ ಬಂದದ್ದು ನವರಾತ್ರಿಯ ಎರಡನೇ ದಿನ, ದೀಪ ಹಚ್ಚುವ ಹೊತ್ತಿಗೆ. ಮನೆ ತುಂಬ ಹುಡುಗಿಯರು. ನಾನು ಆಗ ತಾನೇ "ಇದು ನಮ್ ತಾತನ ಪ್ಲೇಟು, ಇದ್ರಲ್ಲಿ ನಮ್ ತಾತನೇ ಊದಿರೋದು" ಅಂತ ಬಟ್ಟಲು ಎತ್ತಿ ತೋರಿಸುತ್ತಿದ್ದೆ. ಅದರ ತುಂಬ ಕಡ್ಲೆಕಾಳು ಉಸಲಿ. ತಾತ ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಚೀಲ, ಕೊಡೆ.

"ತಾತ, ನೋಡು!" ಅಂತ ಓಡಿದೆ.

ಅವರು ಬಟ್ಟಲು ತೆಗೆದುಕೊಂಡರು. ಕಾಳನ್ನು ಬೆರಳಲ್ಲಿ ಪಕ್ಕಕ್ಕೆ ಸರಿಸಿ ಚೀಟಿ ನೋಡಿದರು.

"ಯಾರ್ ಮಾಡಿದ್ದು ಮಗ?"

"ನಾನೇ. ಒಬ್ಳೇ ಮಾಡ್ದೆ."

"ಚೆನ್ನಾಗದೆ ಕಣವ್ವ," ಅಂದರು. ಒಂದು ಕಾಳು ಬಾಯಿಗೆ ಹಾಕಿಕೊಂಡು ಒಸಡಿನಲ್ಲಿ ಮುರಿಯಲಾಗದೆ ಹಾಗೇ ಇಟ್ಟುಕೊಂಡರು.

ಹುಡುಗಿಯರು ಹೋದ ಮೇಲೆ ಅಮ್ಮ ಅವರ ಚೀಲ ಬಿಚ್ಚಿದರು. ಊರಿನ ಕಡೆಯ ಅವರೆಕಾಳು, ಎಡೆಯಿಟ್ಟ ಕಜ್ಜಾಯ. ತಾತ ಅಂಗಿಯ ಜೇಬಿನಿಂದ ಒಂದು ಸಣ್ಣ ಕಾಗದದ ಪೊಟ್ಟಣ ತೆಗೆದು ಪೆಟ್ಟಿಗೆಯ ಮೇಲಿಟ್ಟರು. ನರಸೀಪುರದಿಂದ ನೇರ ಬರುವ ಬಸ್ಸು ಬಿಟ್ಟು, ಮೈಸೂರಿಗೆ ಹೋಗಿ, ಒಂದು ಇಡೀ ದಿನ ಅಂಗಡಿ ಅಂಗಡಿ ಅಲೆದು ಮುಳ್ಳು ತಂದಿದ್ದರು.

ಅಮ್ಮ ಪೊಟ್ಟಣವನ್ನೂ ಬಟ್ಟಲನ್ನೂ ನೋಡಿದರು. "ಮಾವ, ನಂಗೆ ಗೊತ್ತಾಗ್ಲಿಲ್ಲ. ಕೆಟ್ಟು ಕೂತಿದೆಯಲ್ಲ ಅಂತ…"

"ಇರ್ಲಿ ಬುಡವ್ವ. ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ. ಮಗೀಗೆ ಏನೂ ಅನ್ಬ್ಯಾಡ."

ಅಮ್ಮ ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ, ಎರಡು ಬಿಗಿದಿದ್ದರೆ, ಅವತ್ತಿಗೇ ಅತ್ತು ಮುಗಿದಿರುತ್ತಿತ್ತೋ ಏನೋ.

ಆಯುಧಪೂಜೆ ಕಳೆದ ಮೇಲೆ ಒಂದು ಮಧ್ಯಾಹ್ನ ತಾತ ಬಚ್ಚಲಲ್ಲಿ ಒಬ್ಬರೇ ಕೂತಿದ್ದರು. ದಬರಿಯಲ್ಲಿ ನೀರು ಕುದಿಯುತ್ತಿತ್ತು. ಬಟ್ಟಲನ್ನು ಅದರಲ್ಲಿ ಅದ್ದಿ ತೆಗೆದು, ನೆರಿಗೆಗಳನ್ನು ಒಂದೊಂದಾಗಿ ಹೆಬ್ಬೆರಳಲ್ಲಿ ಬಿಡಿಸಿ, ಎರಡು ಮಣೆಗಳ ನಡುವೆ ಇಟ್ಟು, ಮೇಲೆ ಗುಂಡುಕಲ್ಲು ಹೇರಿದರು. ಬಾಗಿಲ ಸಂದಿಯಿಂದ ನಾನು ನೋಡುತ್ತಿದ್ದೆ. ಸಂಜೆ ಅದನ್ನು ಪೆಟ್ಟಿಗೆಯ ಮೇಲೆ ಹಾಕಿ, ಹೊಸ ಮುಳ್ಳು ಇಟ್ಟರು. ಉಬ್ಬುತಗ್ಗಿನ ಮೇಲೆ ಮುಳ್ಳು ಕರ್ ಕರ್ ಅಂದಿತು, ಜಿಗಿಯಿತು, ಬಂಗಾರದ ಬಣ್ಣ ಹೆರೆಯಿತು, ಜಾರಿ ಬಿತ್ತು. ಇನ್ನೊಮ್ಮೆ ಇಟ್ಟರು, ಮತ್ತೆ ಜಾರಿತು. ಮೂರನೇ ಸಲ ಇಡಲಿಲ್ಲ.

ಆಗ ನನಗೆ ಅರ್ಥವಾಯಿತು. ಓಡಿಹೋಗಿ ಅವರ ಮಡಿಲಲ್ಲಿ ಮುಖ ಹುದುಗಿಸಿ ಅತ್ತೆ.

"ನಿಂದು ಹೆಂಗಿತ್ತು ತಾತ? ಬಾಯಲ್ಲಿ ಹೇಳು," ಅಂದೆ ಬಿಕ್ಕುತ್ತಾ.

ತಾತ ತುಟಿ ಸೇರಿಸಿ ಏನೋ ಗುನುಗಲು ನೋಡಿದರು. ಬರೀ ಗಾಳಿ ಬಂತು. ನಕ್ಕುಬಿಟ್ಟರು. "ಬರಕ್ಕಿಲ್ಲ ಕಣವ್ವ. ಬರ್ಕೊಂಡು ಊದಿದ್ದಲ್ಲ. ಅವತ್ತು ಏನ್ ತೋಚ್ತೋ ಊದ್ಬುಟ್ಟೆ, ಆಮ್ಯಾಕೆ ನಂಗೂ ಮರ್ತೋಯ್ತು."

ಆ ಮುಳ್ಳಿನಲ್ಲಿ ಉಳಿದ ಪ್ಲೇಟುಗಳನ್ನು ಎಷ್ಟೋ ವರ್ಷ ಹಾಕಿದರು. ಬೇರೆಯವರು ಹಾಡಿದ್ದು, ಬೇರೆಯವರು ಊದಿದ್ದು. ನಾನು ಪಿಯುಸಿಯಲ್ಲಿದ್ದಾಗ ತೀರಿಕೊಂಡರು. ತಮ್ಮ ಪ್ಲೇಟಿನ ಮಾತನ್ನು ಮತ್ತೊಮ್ಮೆ ತೆಗೆಯಲೇ ಇಲ್ಲ.

ಮೊನ್ನೆ ಬೇಸಿಗೆಯಲ್ಲಿ ಬೆಂಗಳೂರಿನಿಂದ ಪ್ರೀತಮ್ ಎಂಬೊಬ್ಬರು ನಮ್ಮ ಮನೆ ಹುಡುಕಿಕೊಂಡು ಬಂದರು. ಹಳೆಯ ಜಾಝ್ ರೆಕಾರ್ಡುಗಳನ್ನು ಪ್ಲೇಟಿನಲ್ಲೇ ಮತ್ತೆ ಹೊರತರುವ ಹುಚ್ಚು ಅವರಿಗೆ. ಕೆಲವೇ ನೂರು ಪ್ರತಿ, ಕೊಳ್ಳುವವರೂ ಅಂಥವರೇ, ಕೂಡಿಡುವವರು. ಬ್ಯಾಂಡಿನ ಯಜಮಾನರ ಮಗಳು ಹೊರದೇಶದಲ್ಲಿದ್ದಾರಂತೆ. ಅವರ ಬಳಿ ಆ ನೀಲಿ ಚೀಟಿಯ ಪ್ಲೇಟು ಒಂದು ಗೆರೆಯೂ ಬೀಳದೆ ಉಳಿದಿತ್ತು. ಜೊತೆಗೊಂದು ಫೋಟೋ, ಅದರ ಹಿಂದೆ 'ಮ್ಯಾಡಿ, ಟಿ. ನರಸೀಪುರ' ಅಂತ ಬರೆದಿತ್ತು. ಅದೊಂದೇ ಹಿಡಿದುಕೊಂಡು ನರಸೀಪುರಕ್ಕೆ ಹೋಗಿ, ಮುಡುಕುತೊರೆ ಕಡೆಯ ನಮ್ಮ ದಾಯಾದಿಗಳನ್ನು ಕೇಳಿ, ನನ್ನ ತನಕ ಬಂದಿದ್ದರು.

ಅಮ್ಮನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡೆ. ಪ್ರೀತಮ್ ಫೋನಿನಲ್ಲಿ ಹಾಕಿದರು. ಎಲ್ಲರೂ ಒಟ್ಟಿಗೆ ಶುರು ಮಾಡಿದರು, ಮಧ್ಯಕ್ಕೆ ಬಂದಾಗ ತಗ್ಗಿದರು. ಒಬ್ಬರು ಊದಿದರು, ನಿಧಾನಕ್ಕೆ, ತಡೆದು ತಡೆದು. ಅವರು ನಿಲ್ಲಿಸುತ್ತಿದ್ದಂತೆ ಇನ್ನೊಬ್ಬರು ಎತ್ತಿಕೊಂಡರು, ಇದು ಚುರುಕು, ನಗುವಿನ ಹಾಗೆ.

"ಬ್ಯಾಂಡಲ್ಲಿ ಇಬ್ರು ಸ್ಯಾಕ್ಸೋಫೋನ್ ನುಡಿಸ್ತಿದ್ರು ಮೇಡಂ," ಅಂದರು ಪ್ರೀತಮ್. "ಇನ್ನೊಬ್ರ ಕಡೆಯೋರು ಯಾರೂ ಸಿಗ್ಲಿಲ್ಲ. ಕವರ್ ಮೇಲೆ ಯಾವುದು ಯಾರದು ಅಂತ ಹಾಕ್ಬೇಕು. ನಿಮ್ಮ ತಾತಂದು ಯಾವುದು?"

ಮೂರು ಸಲ ಕೇಳಿದೆ. ಅಪ್ಪ ಈಗಿಲ್ಲ, ಅಮ್ಮನ ಕಡೆ ನೋಡಿದೆ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, "ನಾನು ಸೊಸೆಯಾಗಿ ಬರೋ ಹೊತ್ತಿಗೇ ಮಾವ ಬಿಟ್ಟಿದ್ರಲ್ಲೇ," ಅಂದರು. ಎರಡನೆಯದು ಅಂದುಬಿಡೋಣ ಅಂತ ನಾಲಿಗೆ ತುದಿಗೆ ಬಂದಿತ್ತು. ತಾತ ನಗುತ್ತಿದ್ದದ್ದು ಹಾಗೇ ಅಲ್ಲವೇ. ಆದರೆ ಒಮ್ಮೆ ಅವರದನ್ನು ಇಲ್ಲವಾಗಿಸಿದವಳು, ಈಗ ಇನ್ನೊಬ್ಬನದನ್ನು ಕಿತ್ತು ಕೊಟ್ಟರೆ? "ಗೊತ್ತಿಲ್ಲ," ಅಂದೆ.

ಪ್ಲೇಟು ಬಂದು ಎರಡು ತಿಂಗಳಾಯಿತು. ಕವರಿನ ಮೇಲೆ ಎರಡು ಹೆಸರು ಅಕ್ಕಪಕ್ಕ ಇವೆ, ಯಾರದು ಯಾವುದು ಎಂದಿಲ್ಲ. ಭಾನುವಾರ ಹಾಕಿಕೊಂಡು ಕೂರುತ್ತೇನೆ. ಒಂದು ವಾರ ಮೊದಲನೆಯದೇ ತಾತ ಅನ್ನಿಸುತ್ತದೆ, ಇನ್ನೊಂದು ವಾರ ಎರಡನೆಯದು. ಅವತ್ತು ಅವರು ಮೈಸೂರಿನಿಂದ ಬಂದಾಗ ಪ್ಲೇಟು ನೆಟ್ಟಗಿದ್ದಿದ್ದರೆ, ತಾವು ಊದಿದ ಜಾಗ ಬಂದ ಕೂಡಲೇ ನನ್ನ ತೊಡೆ ತಟ್ಟಿ ಹುಬ್ಬು ಹಾರಿಸಿರುತ್ತಿದ್ದರು. ಅಷ್ಟೇ ಬೇಕಾಗಿದ್ದದ್ದು. ಈಗ ತಾತ ಊದಿದ್ದು ಮನೆಯಲ್ಲೇ ಇದೆ, ಯಾವುದು ಅಂತ ಹೇಳುವವರಿಲ್ಲ.