ಅರ್ಧ ಕೆತ್ತಿದ ಬೇವಿನ ಹಲಗೆ

ದೇವರ ಮುಂದೆ ಕೂರಲು ಒಂದು ಮಣೆ ಬೇಕಾಗಿತ್ತು. ಮೊನ್ನೆ ಬಡಿಗ ಬಂದು ನಮ್ಮ ಕಟ್ಟೆಯ ಮೇಲೆ ಬೇವಿನ ಹಲಗೆ ಹೆರೆಯತೊಡಗಿದ. ಹಸಿ ಬೇವಿನ ಕಹಿ ವಾಸನೆ ಅಡುಗೆಮನೆಯವರೆಗೂ ಬಂತು. ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕುವುದನ್ನು ಮರೆತೆ. ನನಗೆ ಅಕ್ಷರ ಕಲಿಸಿದ ಅಕ್ಕೋರು ನೆನಪಾಗಿದ್ದರು...

ಹಂಸಭಾವಿಯಿಂದ ಎರಡು ಹರದಾರಿ ದೂರದ ಹಳ್ಳಿ ನಮ್ಮದು. ಸ್ವಾತಂತ್ರ್ಯ ಬರಲು ಇನ್ನೂ ಏಳೆಂಟು ವರ್ಷವಿತ್ತು. ಹೆಣ್ಣುಮಕ್ಕಳ ಸಾಲಿ ಅಂದರೆ ಗುಡಿಯ ಪಕ್ಕದ ಒಂದೇ ಕೋಣೆ, ಕಲಿಸಲು ಅಕ್ಕೋರೊಬ್ಬರೇ. ಅವರ ಗಂಡ ತೀರಿಹೋಗಿದ್ದರು. ಆ ನೌಕರಿಯೇ ಅವರಿಗೂ ಅವರ ಮುದಿ ತಾಯಿಗೂ ಆಸರೆ.

ಬರೆಯುವ ಹೊತ್ತಿನಲ್ಲಿ ಬೇರೆ ಸಾಲಿಗಳಲ್ಲಿ ಎಲ್ಲರಿಗೂ ಒಂದೇ ಪಾಠ, ಒಂದೇ ಛಡಿ. ಅಕ್ಕೋರು ಹಾಗಲ್ಲ. ಕಣ್ಣು ಮಂದವಿದ್ದವಳನ್ನು ಬಾಗಿಲ ಬೆಳಕಿಗೆ ಕೂರಿಸುತ್ತಿದ್ದರು. ಎಡಗೈಯಲ್ಲಿ ಬರೆಯುವವಳ ಕೈ ಕಟ್ಟಿರೆಂದು ಊರ ಹಿರಿಯರು ಬಂದು ಹೇಳಿದರೂ ಕಟ್ಟಲಿಲ್ಲ. ನನ್ನ ವಾರಿಗೆಯ ಬಡಿಗೇರ ಹುಡುಗಿಯೊಬ್ಬಳಿದ್ದಳು. ದೊಡ್ಡ ಜ್ವರ ಬಂದು ಹೋದಮೇಲೆ ಅವಳ ಬಲಗೈ ನಡುಗುತ್ತಿತ್ತು, ಪಾಟಿಯ ಮೇಲೆ ಬಳಪದ ಕಡ್ಡಿ ನಿಲ್ಲುತ್ತಿರಲಿಲ್ಲ. ಅಕ್ಕೋರು ಅವಳ ಅಪ್ಪನಿಗೆ ಹೇಳಿ, ಬೇವಿನ ಹಲಗೆಯಲ್ಲಿ ಅಕ್ಷರಗಳನ್ನು ಆಳವಾಗಿ ಕೆತ್ತಿಸಿದರು. ಒಂದು ಅಕ್ಷರ ಕೈಗೆ ಹತ್ತಿದ ಮೇಲೆ ಇನ್ನೊಂದನ್ನು ಕೆತ್ತಿಸುತ್ತಿದ್ದರು. ಆ ಗೆರೆಯ ಗುಂಟ ಹೋದರೆ ಅವಳ ಕಡ್ಡಿ ದಾರಿ ತಪ್ಪುತ್ತಿರಲಿಲ್ಲ.

ನನ್ನ ಪಾಟಿ ಯಾವಾಗಲೂ ಮೊದಲು ತುಂಬುತ್ತಿತ್ತು. ಆಗ ಅಕ್ಕೋರು ಆ ಹುಡುಗಿಯ ಕಡೆ ಕೈ ತೋರಿಸಿ ಅನ್ನುತ್ತಿದ್ದರು:

"ಮುಗೀತೇನು ಜಾಣಿ? ಸುಮ್ನ ಕುಂತು ಮಂದಿ ಜಡಿ ನೋಡಬ್ಯಾಡ. ಆಕಿ ಮಗ್ಗಲಕ ಹೋಗು, ಮಣಿಕಟ್ಟು ಹಿಡಿ. ಆದ್ರ ನೀ ಬರೀಬ್ಯಾಡ. ಸೊಟ್ಟ ಆದ್ರೂ ಆಕಿ ಅಕ್ಷರ ಆಕೀದ ಆಗ್ಬೇಕು."

ಸಾಲಿ ತಪಾಸಣೆಗೆ ಸಾಹೇಬರು ಬರುವ ದಿನ ಹುಡುಗಿ ಹಲಗೆಯನ್ನು ಬೆನ್ನ ಹಿಂದೆ ಮುಚ್ಚಿಟ್ಟು ಅಳುತ್ತಿದ್ದಳು. "ಇದನ್ನ ನೋಡಿದ್ರ ಅವ್ರು ನಗ್ತಾರ" ಎಂದಳು. ಅವಳ ಪಾಟಿ ಎಳೆದುಕೊಂಡು ದುಂಡಗೆ ನಾಲ್ಕು ಸಾಲು ಬರೆದುಕೊಟ್ಟೆ. ಪುಣ್ಯದ ಕೆಲಸವೆಂದೇ ತಿಳಿದಿದ್ದೆ.

ಸಾಹೇಬರು ಅವಳ ಪಾಟಿ ನೋಡಿ, "ಛಲೋ ಬರದೀಯಲ್ಲ! ನನ್ನ ಮುಂದ ಇನ್ನೊಮ್ಮೆ ಬರಿ" ಎಂದರು. ಅವಳ ಕೈ ನಡುಗಿತು. ಕಡ್ಡಿ ನೆಲಕ್ಕೆ ಬಿದ್ದು ಮುರಿಯಿತು.

"ಯಾರು ಬರದು ಕೊಟ್ರು ಇದನ್ನ?"

ಅಕ್ಕೋರು ಪಾಟಿ ನೋಡಿದರು. ದಿನವೂ ತಾವೇ ತಿದ್ದುವ ಕೈಬರಹ, ಗುರುತು ಸಿಗದೆ ಇದ್ದೀತೆ? ಒಮ್ಮೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ.

"ನಾನ ಬರದೇನ್ರಿ, ಸಾಹೇಬ್ರ" ಎಂದರು ಅಕ್ಕೋರು.

ಮೋಸ ಮಾಡಿದರೆಂದು ತಿಂಗಳೊಳಗೆ ಅವರನ್ನು ನೌಕರಿಯಿಂದ ತೆಗೆದರು. ಅವರು ತಾಯಿಯನ್ನು ಕರೆದುಕೊಂಡು ರಟ್ಟೀಹಳ್ಳಿ ಕಡೆಯ ಚಕ್ಕಡಿ ಹತ್ತಿದಾಗ ನಾನು ಗಾಲಿಯ ಹತ್ತಿರವೇ ನಿಂತಿದ್ದೆ. ಅವರೇ ನನ್ನ ತಲೆ ಸವರಿ, "ಆಕಿ ಕೈ ಬಿಡಬ್ಯಾಡವ್ವ" ಎಂದರು.

ನಾನು ಬಿಟ್ಟೆ. ಹೊಸ ಮಾಸ್ತರರ ಛಡಿಗೆ ಅಂಜಿ ಬಡಿಗೇರ ಹುಡುಗಿ ಸಾಲಿ ಬಿಟ್ಟಳು. ಅವಳ ಅಪ್ಪ ಹಲಗೆಯನ್ನು ಬಗಲಲ್ಲಿ ಇಟ್ಟುಕೊಂಡು ಹೋದ. ಅದರಲ್ಲಿ ಇನ್ನೂ ಅರ್ಧ ಜಾಗ ಖಾಲಿ ಇತ್ತು. ಎರಡು ಓಣಿ ದಾಟಿದರೆ ಅವರ ಮನೆ. ನಾನು ಒಂದು ದಿನವೂ ಹೋಗಲಿಲ್ಲ.

ಶಿವ ನನಗೆ ಕಡಿಮೆ ಮಾಡಿಲ್ಲ. ಹೆತ್ತ ಮಕ್ಕಳು ಉಳಿದರು. ಈ ವಯಸ್ಸಿನಲ್ಲೂ ಸೂಜಿಗೆ ದಾರ ಪೋಣಿಸುವಷ್ಟು ಕಣ್ಣಿದೆ. ದಿನಾ ಪೂಜೆಯ ಹೊತ್ತಿಗೆ ಇವನ್ನೆಲ್ಲ ಒಂದೊಂದಾಗಿ ನೆನೆಯುತ್ತೇನೆ. "ನಾನ ಬರದೇನ್ರಿ" ಎಂದ ಅಕ್ಕೋರ ಆ ಒಂದು ಮಾತಿಗೆ ಬಂದು ನಿಂತುಬಿಡುತ್ತೇನೆ. ಅದೂ ನನ್ನ ಮೇಲಿನ ಕರುಣೆಯೇ. ಆದರೆ ಅದಕ್ಕೆ ಅವರು ತಮ್ಮ ಅನ್ನ ಕಳೆದುಕೊಂಡರು. ಆಮೇಲೆ ಅವರು ಎಲ್ಲಿದ್ದರೋ, ಹೇಗೆ ತೀರಿಕೊಂಡರೋ... ನನಗೆ ತಿಳಿಯಲಿಲ್ಲ.

ಬಡಿಗ ಮಣೆ ಮುಗಿಸಿ ಕೇಳಿದ, "ಅಂಚಿಗೆ ನಿಮ್ಮ ಹೆಸರು ಕೆತ್ತಲೇನ್ರಿ, ಅವ್ವಾರ?"

"ಬ್ಯಾಡಪ್ಪಾ. ಹಂಗ ಇರ್ಲಿ."

ಈಗ ಅದರ ಮೇಲೆ ಕೂತು ಕಣ್ಣು ಮುಚ್ಚುತ್ತೇನೆ. ಅಂಗೈಯಲ್ಲಿ ಆ ಹುಡುಗಿಯ ಮಣಿಕಟ್ಟಿನ ನಡುಕ. ಬೆರಳು ತಾನಾಗಿಯೇ ಹಲಗೆಯ ಮೇಲೆ ಅಕ್ಷರದ ಗೆರೆ ಹುಡುಕುತ್ತದೆ. ಬಡಿಗ ಚೆನ್ನಾಗಿ ನುಣುಪು ಮಾಡಿದ್ದಾನೆ. ಏನೂ ಸಿಗುವುದಿಲ್ಲ.