ಹಗ್ಗದಜ್ಜ ಕಟ್ಟಿದ ಗಂಟು

ಹಗ್ಗದಜ್ಜನ ಬಲತೊಡೆಯ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಜೀವಮಾನವೆಲ್ಲ ಅದರ ಮೇಲೆ ಕತ್ತಾಳೆ ನಾರು ಹೊಸೆದು ಹೊಸೆದು ಆ ಜಾಗ ಬೆಳಗಿದ ಹಿತ್ತಾಳೆ ಚೆಂಬಿನ ಹಾಗೆ ನುಣ್ಣಗಾಗಿತ್ತು. ಚಿಕ್ಕಂದಿನಲ್ಲಿ ನಾನು ಮುಟ್ಟಿ ನೋಡಲು ಹೋದರೆ, "ಜಾರಿ ಬಿದ್ದೀಯ ಕಣೇ," ಎಂದು ಹೆದರಿಸುತ್ತಿದ್ದರು.

ಹಿರೇನಲ್ಲೂರಿನಲ್ಲಿ ನನ್ನ ತವರುಮನೆಯ ಎದುರಿಗೇ ಅವರ ಮನೆ. ದನಕ್ಕೆ ಕಣ್ಣಿ, ಬಾವಿಗೆ ಹಗ್ಗ ಮಾಡಿಕೊಡುವುದು ಕಸುಬು. ಅದರ ಜೊತೆಗೆ ಗಾಳಿ ಕಟ್ಟುತ್ತಿದ್ದರು. ಸತ್ತವರು ಮನೆ ಬಿಡದೆ ಕಾಡಿದರೆ, ಅವರ ಹೆಸರು ಹೇಳುತ್ತ ಹಗ್ಗಕ್ಕೊಂದು ಗಂಟು ಹಾಕಿ ಮರಕ್ಕೋ ಕಂಬಕ್ಕೋ ಬಿಗಿಯುವುದು. ಕಡೂರು, ಅಜ್ಜಂಪುರದಿಂದಲೂ ಜನ ಬರುತ್ತಿದ್ದರು. ಅಜ್ಜ ಕಟ್ಟಿದ ಮೇಲೆ ಕಾಟ ನಿಂತಿತು ಎಂದೇ ಎಲ್ಲರೂ ಹೇಳುತ್ತಿದ್ದರು. ತರೀಕೆರೆಯಲ್ಲಿ ವಿಜ್ಞಾನದ ಟೀಚರಾಗಿದ್ದ ನಾನು ಊರಿಗೆ ಬಂದಾಗಲೆಲ್ಲ ಇದನ್ನು ಆಡಿಕೊಂಡು ನಗುತ್ತಿದ್ದೆ.

"ನಗು, ನಗು. ನಿನ್ ಕರೆಂಟೂ ಕಣ್ಣಿಗೆ ಕಾಣಲ್ಲ. ಮುಟ್ಟಿದ್ರೆ ಗೊತ್ತಾಯ್ತದೆ," ಎನ್ನುತ್ತಿದ್ದರು ಅಜ್ಜ.

ನನ್ನ ಮದುವೆಯಾದ ವರ್ಷ ಅವರ ಹೆಂಡತಿ ನೀರು ಸೇದಲು ಹೋಗಿ ಕಾಲು ಜಾರಿ ಬಾವಿಗೆ ಬಿದ್ದು ತೀರಿಕೊಂಡರು. ಅದಾಗಿ ಸ್ವಲ್ಪ ದಿನಕ್ಕೆ ಅಜ್ಜ ಗಾಳಿ ಕಟ್ಟುವುದನ್ನು ಬಿಟ್ಟರು. ಯಾಕೆಂದು ನಾನು ಕೇಳಲಿಲ್ಲ.

ಆಮೇಲೆ ನನ್ನ ಸರದಿ ಬಂತು. ಕಡೂರು ರಸ್ತೆಯ ಅಪಘಾತದಲ್ಲಿ ನನ್ನವರು ಹೋದರು. ತಿಥಿ ಮುಗಿದ ಮೇಲೆ ಶುರುವಾಯಿತು: ಸಂಜೆ ಐದೂವರೆಗೆ, ಅವರು ಕೆಲಸದಿಂದ ಬರುತ್ತಿದ್ದ ಹೊತ್ತಿಗೆ, ಗೇಟಿನ ಚಿಲಕದ ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ. ಎಂಟು ವರ್ಷದ ಮಗಳು ಓಡಿಹೋಗಿ, ಮುಖ ಸಣ್ಣದು ಮಾಡಿಕೊಂಡು ವಾಪಸ್ಸು ಬರುತ್ತಿದ್ದಳು. ಊಟ ಬಿಟ್ಟಳು. ಅತ್ತೆ, "ಕಟ್ಟಿಸ್ಬಿಡವ್ವ, ಮಗ ಹೋಗಿದ್ದು ಸಾಕು, ಮೊಮ್ಮಗಳಾದ್ರೂ ಉಳೀಲಿ," ಎಂದು ಅತ್ತರು. ನಗುತ್ತಿದ್ದ ನಾನೇ ಹಿರೇನಲ್ಲೂರಿನ ಬಸ್ಸು ಹತ್ತಿದೆ.

ಅಜ್ಜ ನಾರು ಹೊಸೆಯುತ್ತಲೇ ಎಲ್ಲ ಕೇಳಿಸಿಕೊಂಡರು.

"ಕಟ್ಟಿದರೆ ನಿಲ್ಲುತ್ತಾ ಅಜ್ಜಾ?"

"ನಿಂತೋಯ್ತದೆ. ಅದೇ ಕಣವ್ವ ಕಷ್ಟ."

ಎದ್ದು ನನ್ನನ್ನು ಕೊಟ್ಟಿಗೆಗೆ ಕರೆದುಕೊಂಡು ಹೋದರು. ಕಂಬಕ್ಕೆ ಬಿಗಿದ ಹಳೇ ಹಗ್ಗ, ಅದರಲ್ಲಿ ಕಪ್ಪಗಾದ ಒಂದು ಗಂಟು.

"ಇದು ನಮ್ಮಾಕೆ," ಎಂದರು. "ಹೋದ್ಮೇಲೂ ದಿನಾ ಬೆಳಗ್ಗೆ ಬಾವಿ ರಾಟೆ ಸದ್ದು ಮಾಡೋಳು. ಕೇರಿಯೋರು ಹೆದರ್ಕಂಡ್ರು. ಕಟ್ಟಿದೆ. ಅವತ್ತಿಂದ ಸದ್ದಿಲ್ಲ. ಕನಸಿಗೂ ಬರ್ಲಿಲ್ಲ. ಮಾರ್ನಮಿಲಿ ಎಡೆ ಇಟ್ರೆ ಕಾಗೆ ಮುಟ್ಟಲ್ಲ. ಈಗೀಗ ಮುಖಾನೂ ನೆಪ್ಪಾಗಲ್ಲ ಕಣವ್ವ."

"ಬಿಚ್ಚಿಬಿಡಿ ಅಜ್ಜಾ."

"ದನದ ಗಂಟು ಬೆಳಗ್ಗೆ ಬಿಚ್ಚೋಕೆ ಅಂತ್ಲೇ ಹಾಕೋದು. ಇದು ಹಂಗಲ್ಲ. ಕಟ್ಟೋದು ಹೇಳ್ಕೊಟ್ಟ ನಮ್ಮಪ್ಪ ಬಿಚ್ಚೋದು ಹೇಳ್ಕೊಡ್ಲಿಲ್ಲ. ಕೊಯ್ದ್ರೂ ಹಗ್ಗ ತುಂಡಾಯ್ತದೆ, ಗಂಟು ಹಂಗೇ ಇರ್ತದೆ."

ನನಗೆ ಕಟ್ಟಿಕೊಡಲಿಲ್ಲ. "ಚಿಲಕ ತಾನೇ? ಬರ್ಲಿ ಬಿಡು. ಮಗೀನ ಹೆದರಿಸ್ಬೇಡ, ಅಪ್ಪ ಬಂದ ಅನ್ನು. ಸಾಕಾದಾಗ ಅವ್ನೇ ಹೊಂಟೋಯ್ತಾನೆ," ಎಂದು ಕಳಿಸಿದರು.

ಹಾಗೇ ಮಾಡಿದೆವು. ಐದೂವರೆಗೆ ತಾಯಿ ಮಗಳು ಮೆಟ್ಟಿಲ ಮೇಲೆ ಕೂರುತ್ತಿದ್ದೆವು. ಅವಳು ಗೇಟಿನ ಕಡೆ ತಿರುಗಿ ಸ್ಕೂಲಿನದೆಲ್ಲ ವರದಿ ಒಪ್ಪಿಸುತ್ತ, ಮಾತಿನ ಮಧ್ಯೆ ತುತ್ತು ನುಂಗುತ್ತಿದ್ದಳು. ಚಿಲಕದ ಸದ್ದು ಅಪರೂಪವಾಯಿತು. ಯುಗಾದಿಯ ಹೊತ್ತಿಗೆ ನಿಂತಿತು. ಈಗಲೂ ಅವರು ನಮ್ಮಿಬ್ಬರ ಕನಸಿಗೂ ಬರುತ್ತಾರೆ, ಬೆಳಗ್ಗೆ ಎದ್ದು ಹೇಳಿಕೊಳ್ಳುತ್ತೇವೆ. ಇದು ಅಜ್ಜ ನನಗೆ ಉಳಿಸಿಕೊಟ್ಟದ್ದು.

ಹೋದ ವರ್ಷ ಅಜ್ಜನಿಗೆ ಲಕ್ವ ಹೊಡೆಯಿತು. ನೋಡಲು ಹೋದಾಗ ನನ್ನ ಕೈ ಹಿಡಿದು ತೊದಲಿದರು: "ಆ ಗಂಟು ಬಿಚ್ಕೊಡವ್ವ. ನೀ ಓದಿದೋಳು."

ಕೊಟ್ಟಿಗೆಯಲ್ಲಿ ಕೂತು ತಲೆಯ ಪಿನ್ನಿನಿಂದ ಮಧ್ಯಾಹ್ನದವರೆಗೂ ಮೀಟಿದೆ. ಎಳೆ ಸಡಿಲವಾಗಲಿಲ್ಲ. ಕೊನೆಗೆ ಲಡ್ಡಾಗಿದ್ದ ಇಡೀ ಗಂಟು ಪುಡಿಪುಡಿಯಾಗಿ ನನ್ನ ಅಂಗೈಗೆ ಉದುರಿತು. ಅದನ್ನು ಬಿಚ್ಚಿದ್ದು ಅನ್ನಲು ಬರುವುದಿಲ್ಲ. ಪುಡಿಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಒಳಗೆ ಹೋದೆ.

"ಬಿಚ್ತಾ?"

"ಬಿಚ್ತು ಅಜ್ಜಾ."

ಆ ಮುಖ ಅರಳಿದ್ದನ್ನು ನಾನು ಮರೆಯಲಾರೆ. ಬಾವಿಯ ಕಡೆಗೆ ಮಗ್ಗುಲಾಗಿಸಿ ಎಂದರು, ಅವರ ಸೊಸೆ ತಿರುಗಿಸಿ ಮಲಗಿಸಿದಳು. ನಾನು ನಾಲ್ಕೂವರೆ ಬಸ್ಸಿಗೆ ಹೊರಟೆ.

ಮೂರನೆಯ ದಿನ ಅಜ್ಜ ಹೋದರು. ಮಣ್ಣಿಗೆ ಹೋದಾಗ ಸೊಸೆ ಹೇಳಿದಳು: "ಮೂರು ದಿನಾನೂ ಒಂದೇ ಮಾತು ಕಣಕ್ಕ, ರಾಟೆ ಸದ್ದು ಕೇಳ್ತಾ? ರಾಟೆ ಸದ್ದು ಕೇಳ್ತಾ? ಅಂತ. ರಾಟೆ ಎಲ್ಲೈತೆ ಮಾವ, ಮೋಟರ್ ಹಾಕ್ಸಿದಾಗ್ಲೇ ಬಿಚ್ಚಿ ಹಾಕಿದ್ವಲ್ಲ, ಅಂತ ನಾನಂದೆ."

ಹೂಂ ಅಂದುಬಿಡಬಾರದಿತ್ತೇನೇ ಎಂದು ನಾಲಿಗೆ ತುದಿಗೆ ಬಂತು. ಅವಳದೇನು ತಪ್ಪು? ಸುಳ್ಳು ಹೇಳಿದವಳು ನಾನು. ಕೇಳ್ತು ಅಜ್ಜಾ ಎನ್ನಲು ಅಲ್ಲಿ ನಾನೇ ಕೂತಿರಬೇಕಿತ್ತು.