ರೇಸಿನ ಗಾಡಿಯ ಕ್ಯಾಮ್‌ಶಾಫ್ಟ್

ಕಾರಿನಲ್ಲಿ ಯಾರ್ಯಾರು ಕೂರುತ್ತಾರೆ ಎಂದು ಉಮರಗಾದ ಗ್ಯಾರೇಜಿನ ಮಿಸ್ತ್ರಿ ಕೇಳಿದಾಗ ನಾನು ಸುಳ್ಳು ಹೇಳಿದೆ. ಸಣ್ಣ ಸುಳ್ಳು. ಅದರ ಬಗ್ಗೆ ಇಷ್ಟು ವರ್ಷ ಮನೆಯಲ್ಲಿ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ.

ಭೂಕಂಪವಾಗಿ ಎರಡು ವರ್ಷ ಕಳೆದಿತ್ತು. ನಮ್ಮದು ಗಡಿಯಾಚೆಯ ನಿಲಂಗಾದ ಪೇಟೆಯಲ್ಲಿ ಕಿರಾಣಿ ಅಂಗಡಿಯ ಮನೆತನ. ಅಂಗಡಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಅಂಗಡಿಯನ್ನು ಅಣ್ಣನಿಗೆ ಬಿಟ್ಟು ನಾನು ಉದಗೀರದ ಒಂದು ಕಾಲೇಜಿನಲ್ಲಿ ಪ್ರಯೋಗಶಾಲೆಯ ಸಹಾಯಕನಾಗಿದ್ದೆ, ದಿನಾ ಕಾರಿನಲ್ಲಿ ಹೋಗಿಬರುತ್ತಿದ್ದೆ. ಅಕ್ಕನನ್ನು ಉಮರಗಾ ಕಡೆಯ ಒಂದು ಹಳ್ಳಿಗೆ ಕೊಟ್ಟಿದ್ದೆವು. ಅಲ್ಲಿ ಭೂಕಂಪದ ಹಿಂದಿನ ವರ್ಷದಿಂದಲೇ ನೆಲ ಆಗಾಗ ಸಣ್ಣಗೆ ನಡುಗುತ್ತಿತ್ತು. ಹಾಗಾಗಿ ಮನೆಯವರು ಮಲಗುವ ಮುಂಚೆ ತಂಬಿಗೆಯ ಮೇಲೆ ಸ್ಟೀಲಿನ ಗ್ಲಾಸು ಬೋರಲು ಹಾಕಿಡುತ್ತಿದ್ದರು. ಗ್ಲಾಸು ಸದ್ದು ಮಾಡಿದರೆ ಎದ್ದು ಓಡಬೇಕು. ಆ ಬೆಳಗಿನ ಜಾವ ಗ್ಲಾಸು ಸದ್ದು ಮಾಡಿತು, ಅಕ್ಕ ಓಡಿದಳು. ಮಗಳನ್ನು ಗಂಡ ಎತ್ತಿಕೊಂಡಿದ್ದಾನೆ ಎಂದುಕೊಂಡಳು. ಬಾಗಿಲು ದಾಟುವಷ್ಟರಲ್ಲಿ ಹಿಂದೆ ಕಲ್ಲುಮಣ್ಣಿನ ಗೋಡೆ ಕುಸಿಯಿತು. ಭಾವ ಹೋದರು, ಆರು ವರ್ಷದ ಕೂಸು ಹೋಯಿತು. ಇಷ್ಟನ್ನು ಅಕ್ಕ ನಮಗೆ ಒಂದೇ ಸಲ ಹೇಳಿದ್ದು. ಆಮೇಲೆ ಆ ಮಾತು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದೂವರೆ ವರ್ಷ ನಮ್ಮ ಮನೆಯ ಅಂಗಳ ಬಿಟ್ಟು ಕದಲಲಿಲ್ಲ. ಕೊನೆಗೆ ಉದಗೀರದ ಶಾಲೆಗೆ ವರ್ಗ ಮಾಡಿಸಿಕೊಟ್ಟಾಗ, ಬಸ್ಸಿನಲ್ಲಿ ಕೂರುವುದಿಲ್ಲ ಎಂದಳು. ಬಾಗಿಲು ದೂರ ಇರುತ್ತದೆ, ಜನ ಅಡ್ಡ ನಿಲ್ಲುತ್ತಾರೆ. ನನ್ನ ಹಳೆಯ ಪುಟ್ಟ ಕಾರಿನಲ್ಲಾದರೆ ಸರಿ, ಮುಂದಿನ ಸೀಟು, ಗಾಜು ಇಳಿಸಿರಬೇಕು. ಹಾಗೆ ಶುರುವಾಯಿತು. ಬೆಳಿಗ್ಗೆ ತಲೆ ಬಾಚಿ, ಇಸ್ತ್ರಿ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಅಕ್ಕ ಕಟ್ಟೆಯ ಮೇಲೆ ನಿಂತಿರುವುದನ್ನು ಕಂಡು ಅವ್ವ ಒಳಗೆ ಹೋಗಿ ಅಳುತ್ತಿದ್ದಳು. ಆ ನೌಕರಿಯೊಂದೇ ಅವಳನ್ನು ಹಿಡಿದು ನಿಲ್ಲಿಸಿತ್ತು. ಅದು ತಪ್ಪಿದರೆ ಅಕ್ಕ ನಮ್ಮ ಕೈಗೆ ಮತ್ತೆ ಸಿಗುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ನನಗಂತೂ ಚೆನ್ನಾಗಿ ಗೊತ್ತಿತ್ತು.

ಆದರೂ ಆ ಪ್ರಯಾಣ ನನಗೆ ಸಾಕುಸಾಕಾಗಿತ್ತು, ಈಗ ಮುಚ್ಚಿಡುವುದೇನಿದೆ. ದಾರಿಯುದ್ದಕ್ಕೂ ಅಕ್ಕ ಮಾತಾಡುತ್ತಿರಲಿಲ್ಲ. ಊರು ಬಂದಾಗ ಮಾತ್ರ ರಸ್ತೆ ಬದಿಯ ಮನೆಗಳನ್ನು ನೋಡುತ್ತಾ, "ಇದು ಮಣ್ಣಿಂದು, ನಿಲ್ಲಂಗಿಲ್ಲ. ಇದೂ ನಿಲ್ಲಂಗಿಲ್ಲ," ಎನ್ನುತ್ತಿದ್ದಳು. ಹೋಗುವಾಗ ಅವೇ ಮನೆಗಳು, ಬರುವಾಗ ಅವೇ ಮನೆಗಳು. ಹೂಂ ಎಂದರೂ ತಪ್ಪು, ಸುಮ್ಮನಿದ್ದರೂ ತಪ್ಪು. ಒಂದೊಂದು ದಿನ ಸ್ಟಿಯರಿಂಗ್ ಬಿಟ್ಟು ಕಿವಿ ಮುಚ್ಚಿಕೊಳ್ಳಬೇಕು ಅನಿಸುತ್ತಿತ್ತು. ಈ ದಾರಿ ಬೇಗ ಮುಗಿದರೆ ಸಾಕಪ್ಪಾ ಎಂದು ದೇವರನ್ನು ಬೇಡಿದ್ದೂ ಉಂಟು.

ಅಂಥ ಹೊತ್ತಿನಲ್ಲೇ ಕಾರಿನ ಕ್ಯಾಮ್‌ಶಾಫ್ಟ್ ಕೆಟ್ಟಿತು. ಇಂಜಿನ್ನಿನ ಹೊಟ್ಟೆಯಲ್ಲಿ ತಿರುಗುವ ಉಬ್ಬುಗಳ ಸರಳು ಅದು. ಆ ಉಬ್ಬುಗಳು ವಾಲ್ವುಗಳನ್ನು ಎತ್ತಿ ಇಳಿಸಿದರೇನೇ ಇಂಜಿನ್ನಿಗೆ ಉಸಿರು. ನನ್ನ ಕಾರಿನಲ್ಲಿ ಒಂದು ಉಬ್ಬು ಸವೆದು ಚಪ್ಪಟೆಯಾಗಿ, ಏರು ಬಂದರೆ ಗಾಡಿ ಏದುಸಿರು ಬಿಡುತ್ತಿತ್ತು. ಆ ಮಾದರಿಯ ಕಾರು ರಿಪೇರಿ ಮಾಡುವ ಒಳ್ಳೆಯ ಕೈ ಇದ್ದದ್ದು ಉಮರಗಾದಲ್ಲಿ, ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ. ರವಿವಾರ ಒಬ್ಬನೇ ಹೋದೆ. ದಾರಿಯಲ್ಲಿ ಊರಿಗೆ ಊರೇ ತಗಡಿನ ಶೆಡ್ಡುಗಳಲ್ಲಿತ್ತು.

ಮಿಸ್ತ್ರಿ ವಯಸ್ಸಾದವರು, ಮಾತು ಕಡಿಮೆ. ಎರಡು ಕ್ಯಾಮ್‌ಶಾಫ್ಟ್ ತಂದು ಗೋಣಿತಟ್ಟಿನ ಮೇಲೆ ಅಕ್ಕಪಕ್ಕ ಮಲಗಿಸಿದರು. ಒಂದು ನನ್ನ ಕಾರಿಗೆ ಮೊದಲಿಂದ ಬಂದಂಥದ್ದೇ. ಇನ್ನೊಂದು ಪುಣೆಯಲ್ಲಿ ಯಾರೋ ರೇಸಿಗೆ ಓಡಿಸುತ್ತಿದ್ದ ಗಾಡಿಯದು, ಅದರ ಉಬ್ಬುಗಳು ಎತ್ತರವಾಗಿ, ಅಗಲವಾಗಿದ್ದವು.

"ಇದು ಹಾಕಿದ್ರ ಗಾಡಿ ಓಡ್ತದರೀ," ಎಂದು ರೇಸಿನದನ್ನು ಬೆರಳಿನಿಂದ ಮುಟ್ಟಿದರು. "ಆದ್ರ ಜೋರ್ ಓಡುವಾಗಷ್ಟೇ ಇದರ ಮಜಾ. ನಿಂತಲ್ಲಿ ಸುಮ್ನ ನಿಲ್ಲಂಗಿಲ್ಲ, ಮೈಯೆಲ್ಲಾ ಅಲ್ಲಾಡಸ್ತದ. ರೋಜ್ ನಡಸೋ ಗಾಡಿಗಿ ನಾ ಹಾಕಂಗಿಲ್ಲ. ಗಾಡ್ಯಾಗ ಯಾರ್ಯಾರು ಕೂಡ್ತಾರ್ರೀ?"

ಆ ಪ್ರಶ್ನೆಯನ್ನು ಅವರು ಎಲ್ಲ ಗಿರಾಕಿಗಳಿಗೂ ಕೇಳುತ್ತಿದ್ದರು, ಅದು ಅವರ ಕೆಲಸದ ರೀತಿ. ಆದರೆ ಆ ವರ್ಷಗಳಲ್ಲಿ ನಮ್ಮ ಭಾಗದಲ್ಲಿ ಯಾವ ಪ್ರಶ್ನೆಯೂ ಒಂದಕ್ಕೇ ನಿಲ್ಲುತ್ತಿರಲಿಲ್ಲ. ಅಕ್ಕ ಎಂದರೆ ಯಾವ ಊರಿಗೆ ಕೊಟ್ಟಿದ್ದಿರಿ ಎನ್ನುತ್ತಾರೆ. ಊರ ಹೆಸರು ಹೇಳಿದರೆ ಮನೆಯಲ್ಲಿ ಎಷ್ಟು ಮಂದಿ ಹೋದರು ಎನ್ನುತ್ತಾರೆ. ಆಮೇಲೆ ತಮ್ಮ ಮನೆಯಲ್ಲಿ ಹೋದವರನ್ನು ಹೇಳುತ್ತಾರೆ. ಚಹಾದ ಅಂಗಡಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಸಂತೆಯಲ್ಲಿ, ಎಲ್ಲಿ ಹೋದರೂ ಇದೇ. ನನಗೆ ತಲೆ ಕೆಟ್ಟು ಹೋಗಿತ್ತು.

"ನಾ ಒಬ್ಬನೇರೀ," ಎಂದೆ. "ರೇಸಿಂದೇ ಹಾಕ್ರಿ."

ಮಿಸ್ತ್ರಿ ನನ್ನ ಮುಖ ನೋಡಿದರು. "ಒಬ್ರೇ ಇದ್ರ ನಿಮ್ಮ ಮರ್ಜಿ," ಎಂದು ನಟ್ಟು ಬಿಚ್ಚುವ ಪಾನಾ ಕೈಗೆ ತೆಗೆದುಕೊಂಡರು.

ಸಂಜೆ ವಾಪಸು ಬರುವಾಗ ಕಾರು ಹೊಸ ಹುರುಪಿನಲ್ಲಿ ಹಾರಿತು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಬೇಕು ಎನ್ನುವ ಸದ್ದು. ನಾಚಿಕೆಯಿಲ್ಲದೆ ಹೇಳುತ್ತೇನೆ, ಎರಡು ವರ್ಷಗಳಲ್ಲಿ ಮೊದಲ ಸಲ ನನಗೆ ಖುಷಿಯಾಗಿತ್ತು. ಆದರೆ ನಿಂತಲ್ಲಿ ಗಾಡಿ ನಡುಗುತ್ತಿತ್ತು. ಬಾನೆಟ್ಟು, ಬಾಗಿಲು, ಸೀಟು, ಎಲ್ಲ. ವೇಗ ತಗ್ಗಿಸಿ ಬಿಟ್ಟರೆ ಆರಿಯೇ ಹೋಗುತ್ತಿತ್ತು. ಆರದಿರಲೆಂದು ಇಂಜಿನ್ನನ್ನು ತುಸು ಜೋರಾಗಿಟ್ಟರೂ ನಡುಕ ನಿಲ್ಲುತ್ತಿರಲಿಲ್ಲ.

ಮರುದಿನ ಅಕ್ಕ ಕೂತಳು. ಸದಾ ತರುವ ನೀರಿನ ತಂಬಿಗೆ ಕಾಲ ಬಳಿ ಇತ್ತು, ಅದರ ಮೇಲೆ ಗ್ಲಾಸು ಬೋರಲು. ಊರು ದಾಟುವವರೆಗೂ ಬಗ್ಗಿ ಗ್ಲಾಸನ್ನು ಅಂಗೈಯಿಂದ ಒತ್ತಿ ಹಿಡಿದಿದ್ದಳು. ಬಯಲು ರಸ್ತೆಗೆ ಬಂದು ಗಾಡಿ ಓಡತೊಡಗಿದ ಮೇಲೆ ಕೈ ತೆಗೆದಳು. ಮನೆಗಳ ಮಾತು ಎತ್ತಲಿಲ್ಲ. ನನಗೆ ಅದೇ ದೊಡ್ಡ ಸಮಾಧಾನ. ಗ್ಲಾಸು ಯಾಕೆ ಹಿಡಿದಿದ್ದಾಳೆ ಎಂದು ಯೋಚಿಸುವಷ್ಟು ಬುದ್ಧಿ ನನಗೆ ಇರಬೇಕಿತ್ತು. ಮೂರು ದಿನ ಹೀಗೇ ಹೋಯಿತು. ನಾವು ಬೇಗ ಮುಟ್ಟುತ್ತಿದ್ದೆವು.

ನಾಲ್ಕನೆಯ ದಿನ ಅವಳ ಮಡಿಲ ತುಂಬ ಶಾಲೆಯ ಮಕ್ಕಳು ಬರೆದ ವಹಿಗಳಿದ್ದವು. ತಂಬಿಗೆಯನ್ನು ನಾನೇ ಎತ್ತಿ ಹಿಂದಿನ ಸೀಟಿನಲ್ಲಿ ಇಟ್ಟೆ. ಗ್ಲಾಸನ್ನು ಮೇಲೆ ಬೋರಲು ಹಾಕಿದ್ದೂ ನಾನೇ.

ದಾರಿಯಲ್ಲಿ ಸಿಗುವ ದೇವಣಿಯಲ್ಲಿ ಅಂದು ದನದ ಸಂತೆ. ರಸ್ತೆಯ ತುಂಬ ಎತ್ತುಗಳು, ಹಗ್ಗ ಹಿಡಿದ ಜನ. ಮುಂದೆ ಹೋಗಲು ಜಾಗವಿಲ್ಲ, ಹಿಂದೆ ಸರಿಯಲೂ ಇಲ್ಲ. ಗಾಡಿ ನಿಂತಿತು, ನಡುಗತೊಡಗಿತು. ಹಿಂದಿನ ಸೀಟಿನಲ್ಲಿ ಗ್ಲಾಸು ತಂಬಿಗೆಗೆ ತಾಗಿ ಕಿಣಿಕಿಣಿ ಎಂದಿತು. ಮೊದಲು ಸಣ್ಣಗೆ, ಆಮೇಲೆ ಬಿಡದೆ.

ಅಕ್ಕ ಬಾಗಿಲು ತೆರೆದು ಓಡಿದಳು. ವಹಿಗಳು ಎತ್ತುಗಳ ಕಾಲಡಿ ಚೆಲ್ಲಿದವು. ನಾಲ್ಕು ಹೆಜ್ಜೆ ಓಡಿದವಳು ಗಕ್ಕನೆ ನಿಂತು ತಿರುಗಿದಳು, ಓಡಿ ಬಂದು ಹಿಂದಿನ ಬಾಗಿಲು ಕಿತ್ತು ತೆರೆದಳು. ಖಾಲಿ ಸೀಟಿನ ಮೇಲೆ ಎರಡೂ ಕೈ ಚಾಚಿ ತಡಕಾಡಿದಳು. "ಏಳವ್ವಾ, ಏಳು, ಹೊರಗ ಬಾ," ಎನ್ನುತ್ತಿದ್ದಳು. ಸೀಟಿನ ಕೆಳಗೂ ಕೈ ಹಾಕಿದಳು. ಸಂತೆಯವರು ಸುತ್ತ ನೆರೆದರು. ಯಾರೂ ನಗಲಿಲ್ಲ. ಪೇಟಾ ಸುತ್ತಿದ ಮುದುಕರೊಬ್ಬರು ಮರಾಠಿಯಲ್ಲಿ ಮೆಲ್ಲಗೆ, ಭೂಕಂಪದವರು, ಎಂದರು. ನಾನು ಚಾವಿ ತಿರುಗಿಸಿ ಇಂಜಿನ್ ಆರಿಸುವಷ್ಟರಲ್ಲಿ ಬಹಳ ಹೊತ್ತಾಗಿತ್ತು.

ಮುಂದಿನ ರವಿವಾರ ಮತ್ತೆ ಉಮರಗಾಕ್ಕೆ ಹೋದೆ. ಈ ಸಲ ಮಿಸ್ತ್ರಿಗೆ ಎಲ್ಲ ಹೇಳಿದೆ, ಊರ ಹೆಸರು ಕೂಡ. ಅವರು ಏನೂ ಕೇಳಲಿಲ್ಲ.

"ಮೊದಲ ಹೇಳಬೇಕಿತ್ತರೀ," ಎಂದರು ಅಷ್ಟೇ. ರೇಸಿನದನ್ನು ಕಿತ್ತು ಹಳೆಯ ನಮೂನೆಯದನ್ನು ಹಾಕಿ, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಹಚ್ಚಿ, ಹಿಡಿಯನ್ನು ಕಿವಿಗೆ ಒತ್ತಿ ಬಹಳ ಹೊತ್ತು ಕೇಳಿದರು. ಆಮೇಲೆ ನನಗೂ ಕೇಳಿಸಿದರು. ಒಂದೇ ಸಮನಾದ ಸದ್ದು, ಎಲ್ಲೂ ತಪ್ಪಿಲ್ಲ.

ಮನೆಗೆ ಬಂದವನೇ ಕಾರನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಆರಿಸದೆ ಅಕ್ಕನನ್ನು ಕರೆದೆ. ದೇವಣಿಯಿಂದ ಬಂದ ದಿನದಿಂದ ಅವಳು ಶಾಲೆಗೆ ಹೋಗಿರಲಿಲ್ಲ, ಅಂಗಳದ ಮಂಚ ಬಿಟ್ಟಿರಲಿಲ್ಲ. ಎದ್ದು ಬಂದಳು. ಅವಳ ಕೈ ಹಿಡಿದು ಬಾನೆಟ್ಟಿನ ಮೇಲೆ ಇಟ್ಟೆ.

"ನೋಡಕ್ಕಾ, ಈಗ ಅಲ್ಲಾಡಂಗಿಲ್ಲ. ತಪ್ಪು ನಂದೇ ಇತ್ತು, ನಾನೇ ಕೆಟ್ಟ ಸಾಮಾನು ಹಾಕ್ಸಿದ್ದೆ. ನಾಳಿಗಿ ಸಾಲಿಗಿ ಹೋಗಮು, ಬಾ."

ಅಕ್ಕ ಕೈ ಇಟ್ಟುಕೊಂಡೇ ನಿಂತಳು. ನನ್ನ ಮೇಲೆ ಸಿಟ್ಟಾಗಿದ್ದರೆ ಚೆನ್ನಾಗಿತ್ತು, ಬೈದಿದ್ದರೆ ಇನ್ನೂ ಚೆನ್ನಾಗಿತ್ತು.

"ಗಾಡಿದೇನು ತಪ್ಪದ, ತಮ್ಮಾ," ಎಂದಳು. "ಈ ಸಲಾನೂ ನಾನೇ ಮೊದಲ ಹೊರಗ ಬಂದೆ."